ದೊಡ್ಡವರ ಮೆಳ್ಳೆಗಣ್ಣು: ಇಷ್ಟು ವರ್ಷದ ಮೇಲೆ ಸರಿ ಮಾಡಿಸಬೇಕಾ?

ಪ್ರಶ್ನೆ: ನನಗೆ 36 ವರ್ಷ, ಟೀಚರ್ ಆಗಿದ್ದೇನೆ. ಚಿಕ್ಕಂದಿನಿಂದ ಎಡಗಣ್ಣು ಹೊರಕ್ಕೆ ವಾಲುತ್ತದೆ. ಎರಡೂ ಕಣ್ಣಿನ ನೋಟ ಚೆನ್ನಾಗಿದೆ, ಎರಡೆರಡು ಕಾಣುವುದಿಲ್ಲ. ಆದರೆ ಕ್ಲಾಸಿನಲ್ಲಿ ಒಬ್ಬಳನ್ನು ಪ್ರಶ್ನೆ ಕೇಳಿದರೆ ಪಕ್ಕದವಳು ಎದ್ದು ನಿಲ್ಲುತ್ತಾಳೆ. ಆನ್‌ಲೈನ್ ಮೀಟಿಂಗ್ ಇದ್ದರೆ ಕ್ಯಾಮೆರಾ ಆಫ್ ಮಾಡಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬರು ಡಾಕ್ಟರು ‘ವಯಸ್ಸು ಮೀರಿದೆ, ಈಗ ಮಾಡಿಸಿದರೂ ಬರೀ ಚಂದಕ್ಕೆ’ ಎಂದರು. ಮನೆಯಲ್ಲೂ ‘ಇಷ್ಟು ದಿನ ನಡೆದಿಲ್ವಾ’ ಎನ್ನುತ್ತಾರೆ. ಈ ನಡುವೆ 68 ವರ್ಷದ ನನ್ನ ಅಪ್ಪನಿಗೆ ಕೆಲವು ತಿಂಗಳಿಂದ ದೂರದ್ದೆಲ್ಲ ಎರಡೆರಡು ಕಾಣುತ್ತಿದೆ. ವಯಸ್ಸಾಯ್ತು ಅಂತ ಸುಮ್ಮನಿದ್ದಾರೆ. ನಾನು ಆಪರೇಷನ್ ಮಾಡಿಸಿಕೊಳ್ಳುವುದು ಶೋಕಿಯಾ? ಅಪ್ಪನದ್ದೂ ಇದೇ ತೊಂದರೆಯಾ?

ಉತ್ತರ: ಶೋಕಿ ಖಂಡಿತ ಅಲ್ಲ. ಅದನ್ನು ವಿವರವಾಗಿ ಹೇಳುತ್ತೇನೆ. ಆದರೆ ಮೊದಲು ನಿಮ್ಮ ಅಪ್ಪನ ವಿಷಯ, ಯಾಕೆಂದರೆ ಅವರದ್ದು ಕಾಯುವಂಥದ್ದಲ್ಲ.

ದೊಡ್ಡ ವಯಸ್ಸಿನಲ್ಲಿ ಹೊಸದಾಗಿ ಎರಡೆರಡು ಕಾಣಲು ಶುರುವಾದರೆ ‘ವಯಸ್ಸಾಯ್ತು’ ಎಂದು ಬಿಡಬಾರದು. ಅದಕ್ಕೊಂದು ಕಾರಣ ಇರುತ್ತದೆ, ಅದನ್ನು ಹುಡುಕಲೇಬೇಕು. ಮನೆಯಲ್ಲೇ ಒಂದು ಚಿಕ್ಕ ಪರೀಕ್ಷೆ ಮಾಡಿ. ಅಪ್ಪನಿಗೆ ಎರಡಾಗಿ ಕಾಣುತ್ತಿರುವಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಲು ಹೇಳಿ. ಆಮೇಲೆ ಇನ್ನೊಂದನ್ನು. ಯಾವ ಕಣ್ಣು ಮುಚ್ಚಿದರೂ ಎರಡು ಹೋಗಿ ಒಂದಾದರೆ, ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಒಂದು ಕಣ್ಣು ಮುಚ್ಚಿದಾಗಲೂ ಎರಡಾಗಿಯೇ ಕಂಡರೆ ತೊಂದರೆ ಆ ತೆರೆದ ಕಣ್ಣಿನಲ್ಲೇ ಇದೆ. ಪೊರೆ ಬಂದಿರಬಹುದು, ಕನ್ನಡಕದ ನಂಬರ್ ಬದಲಾಗಿರಬಹುದು. ಯಾವುದೇ ಇರಲಿ, ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ಕೆಲವು ಲಕ್ಷಣ ಜೊತೆಗಿದ್ದರೆ ಈ ವಾರ ಎಂದೂ ಕಾಯಬೇಡಿ. ಎರಡೆರಡು ಕಾಣುವುದು ಇದ್ದಕ್ಕಿದ್ದಂತೆ ಶುರುವಾಗಿ ಜೊತೆಗೆ ಜೋರು ತಲೆನೋವು ಬಂದರೆ, ಒಂದು ರೆಪ್ಪೆ ಜೋತುಬಿದ್ದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಮಾತು ತೊದಲಿದರೆ, ಕೈಕಾಲಿನಲ್ಲಿ ಬಲ ಕಡಿಮೆಯಾದರೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಅದು ಸ್ಟ್ರೋಕ್ ಆಗಿರಬಹುದು, ಮೆದುಳಿನ ರಕ್ತನಾಳ ಊದಿಕೊಂಡು ನರವನ್ನು ಒತ್ತುತ್ತಿರಬಹುದು. ಐವತ್ತು ದಾಟಿದವರಿಗೆ ಕಣತಲೆ ನೋವು, ಬಾಚಣಿಗೆ ತಾಕಿದರೂ ನೆತ್ತಿ ನೋಯುವುದು, ಅಗಿಯುವಾಗ ದವಡೆ ನೋವು ಇದ್ದರೂ ಅದೇ ದಿನ ತೋರಿಸಬೇಕು. ರಕ್ತನಾಳದ ಉರಿಯೂತದಿಂದ ಹೀಗಾಗುವುದುಂಟು. ತಡ ಮಾಡಿದರೆ ದೃಷ್ಟಿಯೇ ಹೋಗಬಹುದು.

ನಿಮ್ಮ ಅಪ್ಪನಿಗೆ ಇಂಥದ್ದೇನೂ ಇಲ್ಲದಿದ್ದರೆ ಸಾಮಾನ್ಯ ಕಾರಣಗಳು ಬೇರೆ ಇವೆ. ಶುಗರ್, ಬಿಪಿ ಇರುವವರಲ್ಲಿ ಕಣ್ಣನ್ನು ಹೊರಕ್ಕೆ ತಿರುಗಿಸುವ ನರಕ್ಕೆ ರಕ್ತ ಕಡಿಮೆಯಾಗಿ ಅದು ಸೋತುಬಿಡುತ್ತದೆ. ಇದು ಬಹಳಷ್ಟು ಜನರಲ್ಲಿ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಥೈರಾಯ್ಡ್ ತೊಂದರೆಯಲ್ಲಿ ಕಣ್ಣಿನ ಸ್ನಾಯು ಊದಿ ಬಿಗಿಯುತ್ತದೆ. ಮಯಸ್ತೇನಿಯಾ ಎಂಬ ಕಾಯಿಲೆಯಲ್ಲಿ ಬೆಳಿಗ್ಗೆ ಚೆನ್ನಾಗಿದ್ದ ಕಣ್ಣು ಸಂಜೆಗೆ ಸುಸ್ತಾಗಿ ಎರಡು ಕಾಣತೊಡಗುತ್ತದೆ. ಇನ್ನೊಂದು ಕಾರಣಕ್ಕೆ ಇತ್ತೀಚಿನವರೆಗೂ ಅಷ್ಟು ಗಮನ ಸಿಕ್ಕಿರಲಿಲ್ಲ. ವಯಸ್ಸಾದಂತೆ ಕಣ್ಣುಗುಡ್ಡೆಯ ಸುತ್ತ ಸ್ನಾಯುಗಳನ್ನು ಜಾಗದಲ್ಲಿ ಹಿಡಿದಿಡುವ ಪಟ್ಟಿಗಳು ಸಡಿಲಾಗಿ ಜೋಲುತ್ತವೆ. ಆಗ ಹತ್ತಿರದ್ದು ಒಂದೇ ಕಾಣುತ್ತದೆ, ದೂರದ್ದು ಎರಡಾಗುತ್ತದೆ. ನೀವು ಬರೆದದ್ದು ಇದಕ್ಕೆ ಹತ್ತಿರ ಇದೆ. ಆದರೆ ಪರೀಕ್ಷೆ ಮಾಡದೆ ಇದೇ ಎಂದು ಹೇಳಲು ಆಗುವುದಿಲ್ಲ. ಅಲ್ಲಿಯವರೆಗೂ ಅವರು ಗಾಡಿ ಓಡಿಸುವುದು ಬೇಡ.

ಇನ್ನು ನಿಮ್ಮ ಕಣ್ಣು. ಅಪ್ಪನಿಗೆ ಎರಡು ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ಯಾಕೆ?

ಒಂದೊಂದು ಕಣ್ಣಿಗೂ ಆರು ಸ್ನಾಯುಗಳಿವೆ. ಕುದುರೆಗೆ ಕಟ್ಟಿದ ಲಗಾಮಿನ ಹಾಗೆ ಅವು ಕಣ್ಣುಗುಡ್ಡೆಯನ್ನು ಬೇಕಾದ ಕಡೆ ಎಳೆಯುತ್ತವೆ. ಮೂರು ಜೊತೆ ನರಗಳು ಅವನ್ನು ನಡೆಸುತ್ತವೆ. ಎರಡೂ ಕಣ್ಣು ಒಂದೇ ಕಡೆ ನೆಟ್ಟರೆ ಮೆದುಳು ಎರಡು ಚಿತ್ರವನ್ನು ಬೆಸೆದು ಒಂದು ಮಾಡುತ್ತದೆ, ಆಳವನ್ನೂ ತೋರಿಸುತ್ತದೆ. ಚಿಕ್ಕ ಮಗುವಿನ ಕಣ್ಣು ವಾಲಿದರೆ ಬೆಳೆಯುತ್ತಿರುವ ಮೆದುಳು ಒಂದು ಉಪಾಯ ಮಾಡುತ್ತದೆ: ವಾಲಿದ ಕಣ್ಣಿನ ಚಿತ್ರವನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ನಿಮಗೆ ಒಂದೇ ಕಾಣುತ್ತದೆ. ದೊಡ್ಡವರ ಮೆದುಳಿಗೆ ಈ ಉಪಾಯ ಕಲಿಯಲು ಆಗುವುದಿಲ್ಲ. ಹಾಗಾಗಿ ನಿಮ್ಮ ಅಪ್ಪನಿಗೆ ಎರಡೂ ಚಿತ್ರ ಎದುರಿಗೆ ಬಂದು ನಿಲ್ಲುತ್ತವೆ.

ಹೊರಗಿನಿಂದ ನೋಡಿದರೆ ಅಪ್ಪನ ಕಣ್ಣು ವಾಲಿದ್ದು ಯಾರಿಗೂ ಗೊತ್ತಾಗದೆ ಇರಬಹುದು. ನಿಮ್ಮದು ಎಲ್ಲರಿಗೂ ಗೊತ್ತಾಗುತ್ತದೆ. ಅವರ ಕಷ್ಟ ಒಳಗಿನದು, ನಿಮ್ಮದು ಹೊರಗಿನದು ಎಂದು ಜನ ಬೇರೆ ಮಾಡಿಬಿಡುತ್ತಾರೆ. ಮೊದಲನೆಯದು ಕಾಯಿಲೆ, ಎರಡನೆಯದು ಚಂದದ ವಿಷಯ ಅಂತ. ಕ್ಲಿನಿಕ್ಕಿನಲ್ಲಿ ಕೂತು ನೋಡಿದರೆ ಈ ಗೆರೆ ನಿಲ್ಲುವುದಿಲ್ಲ.

ಎರಡೆರಡು ಕಾಣುವವರ ದಿನ ಹೇಗಿರುತ್ತದೆ ನೋಡಿ. ಮೆಟ್ಟಿಲು ಇಳಿಯುವಾಗ ಯಾವ ಅಂಚು ನಿಜ ಎಂದು ಗೊತ್ತಾಗದೆ ಕಾಲಿನಿಂದ ತಡವರಿಸುತ್ತಾರೆ. ಲೋಟಕ್ಕೆ ನೀರು ಬಗ್ಗಿಸಿದರೆ ಪಕ್ಕಕ್ಕೆ ಬೀಳುತ್ತದೆ. ಓದುವಾಗ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿಕೊಳ್ಳುತ್ತದೆ. ರಸ್ತೆಯ ಬಿಳಿ ಗೆರೆ ಎರಡಾಗುತ್ತದೆ. ಕೊನೆಗೆ ಒಂದು ಕಣ್ಣು ಮುಚ್ಚಿಕೊಂಡೇ ಎಲ್ಲ ಕೆಲಸ ಮಾಡತೊಡಗುತ್ತಾರೆ. ಇಲ್ಲವೇ ಎರಡೂ ಚಿತ್ರ ಒಂದಾಗುವ ಕೋನ ಹುಡುಕಿ ತಲೆಯನ್ನು ಓರೆ ಇಟ್ಟುಕೊಳ್ಳುತ್ತಾರೆ. ಕುತ್ತಿಗೆ ನೋವಿಗೆ ಮಾತ್ರೆ ನುಂಗುತ್ತಾರೆ, ಕಾರಣ ಕಣ್ಣು ಎಂದು ಹೊಳೆಯುವುದೇ ಇಲ್ಲ. ಅಮೆರಿಕದ ವಯಸ್ಸಾದವರ ವಿಮಾ ದಾಖಲೆಗಳನ್ನು ಇಟ್ಟುಕೊಂಡು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಎರಡು ಕಣ್ಣಿನ ಹೊಂದಾಣಿಕೆ ತಪ್ಪಿದವರಲ್ಲಿ ಬೀಳುವುದು, ಮೂಳೆ ಮುರಿಯುವುದು, ಪೆಟ್ಟಾಗುವುದು ಬೇರೆಯವರಿಗಿಂತ ಜಾಸ್ತಿ ಎಂದು ಕಂಡುಬಂತು. ನಿಮ್ಮ ಅಪ್ಪನ ವಯಸ್ಸಿನಲ್ಲಿ ಒಮ್ಮೆ ಜಾರಿಬಿದ್ದು ಸೊಂಟ ಮುರಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಅದಕ್ಕೇ ಅವರು ಸುಮ್ಮನಿರುವುದು ನನಗೆ ಇಷ್ಟವಿಲ್ಲ.

ಈಗ ಚಿಕ್ಕಂದಿನಿಂದ ಕಣ್ಣು ವಾಲಿದವರ ದಿನ. ಮನುಷ್ಯರು ಮಾತು ಶುರು ಮಾಡುವುದು ಬಾಯಿಂದ ಅಲ್ಲ, ಕಣ್ಣಿನಿಂದ. ಯಾರನ್ನು ನೋಡುತ್ತೇನೋ ಅವರಿಗೇ ಮಾತು ಎನ್ನುವುದು ಎಲ್ಲರಿಗೂ ಹೇಳಿಕೊಡದೆ ಬರುವ ಲೆಕ್ಕ. ನಿಮ್ಮ ಎದುರಿಗಿರುವವರಿಗೆ ಈ ಲೆಕ್ಕ ತಪ್ಪುತ್ತದೆ. ಅವರು ಹಿಂದಕ್ಕೆ ತಿರುಗಿ ‘ನನಗಾ ಹೇಳಿದ್ದು?’ ಎನ್ನುತ್ತಾರೆ. ಕ್ಲಾಸಿನಲ್ಲಿ ಇಬ್ಬರು ಹುಡುಗಿಯರು ಒಟ್ಟಿಗೆ ಎದ್ದು ನಿಲ್ಲುತ್ತಾರೆ, ಒಬ್ಬಳು ನಾಚಿ ಕೂರುತ್ತಾಳೆ, ಹಿಂದಿನ ಬೆಂಚಿನಲ್ಲಿ ಯಾರೋ ನಗುತ್ತಾರೆ. ಅರ್ಧ ನಿಮಿಷದ ಘಟನೆ. ಆದರೆ ದಿನಕ್ಕೆ ಎಷ್ಟು ಸಲ! ಎಷ್ಟು ವರ್ಷದಿಂದ!

ಇದಕ್ಕೆ ಹೊಂದಿಕೊಳ್ಳಲು ಜನ ಏನೇನು ಮಾಡುತ್ತಾರೆ ಎಂದು ನೋಡಿದಾಗ ನನಗೆ ಮನಸ್ಸು ಕರಗುತ್ತದೆ. ಮಾತಾಡುವಾಗ ಮೇಜನ್ನೇ ನೋಡುತ್ತಾರೆ. ಕೂದಲನ್ನು ಒಂದು ಕಡೆಗೆ ಇಳಿಬಿಟ್ಟುಕೊಳ್ಳುತ್ತಾರೆ. ಒಳಗಡೆಯೂ ಕಪ್ಪು ಕನ್ನಡಕ ತೆಗೆಯುವುದಿಲ್ಲ. ಗುಂಪಿನಲ್ಲಿ ಕೂರುವಾಗ ಎಲ್ಲರೂ ಒಂದೇ ಪಕ್ಕಕ್ಕೆ ಬರುವಂತೆ ಮೂಲೆಯ ಕುರ್ಚಿ ಹಿಡಿಯುತ್ತಾರೆ. ಫೋಟೋ ತೆಗೆಯುವಾಗ ಸರಿಯಾಗಿ ಆ ಕ್ಷಣಕ್ಕೆ ಮುಖ ತಿರುಗಿಸುತ್ತಾರೆ, ಅಥವಾ ತಾವೇ ಫೋಟೋ ತೆಗೆಯುವವರಾಗುತ್ತಾರೆ. ಹೆಸರು ಕರೆದು ಮಾತಾಡುವುದನ್ನು ರೂಢಿ ಮಾಡಿಕೊಳ್ಳುತ್ತಾರೆ, ನೀವೂ ಮಾಡಿಕೊಂಡಿರಬಹುದು. ನೀವು ಕ್ಯಾಮೆರಾ ಆಫ್ ಮಾಡುವುದೂ ಇದೇ ಸಾಲಿಗೆ ಸೇರಿದ್ದು. ಇದೆಲ್ಲ ಕಣ್ಣಿಗೆ ಬೀಳದ ದುಡಿಮೆ. ದಿನವಿಡೀ ಒಳಗೊಳಗೇ ನಡೆಯುತ್ತದೆ, ಸುಸ್ತು ಮಾಡುತ್ತದೆ. ‘ಇಷ್ಟು ದಿನ ನಡೆದಿಲ್ವಾ’ ಎನ್ನುವವರಿಗೆ ಅದು ಕಾಣುವುದಿಲ್ಲ. ನಡೆದಿದೆ ನಿಜ, ಹೀಗೆ ನಡೆದಿದೆ.

ಇದು ಬರೀ ನಿಮ್ಮ ಮನಸ್ಸಿನ ಭ್ರಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ವಿಟ್ಜರ್ಲೆಂಡಿನ ಕಣ್ಣಿನ ತಜ್ಞರು ಇದನ್ನು ಪರೀಕ್ಷಿಸಿದ್ದಾರೆ. ಮಕ್ಕಳ ಫೋಟೋಗಳನ್ನು ತೆಗೆದುಕೊಂಡು ಕಂಪ್ಯೂಟರಿನಲ್ಲಿ ಕಣ್ಣನ್ನಷ್ಟೇ ವಾಲುವಂತೆ ಬದಲಿಸಿ, ಬೇರೆ ಮಕ್ಕಳಿಗೆ ತೋರಿಸಿ ‘ನಿನ್ನ ಹುಟ್ಟುಹಬ್ಬಕ್ಕೆ ಯಾರನ್ನು ಕರೆಯುತ್ತೀಯ’ ಎಂದು ಕೇಳಿದರು. ತೀರಾ ಚಿಕ್ಕ ಮಕ್ಕಳಿಗೆ ವ್ಯತ್ಯಾಸ ಅನಿಸಲಿಲ್ಲ. ಸುಮಾರು ಆರು ವರ್ಷ ಮತ್ತು ಅದಕ್ಕಿಂತ ದೊಡ್ಡ ಮಕ್ಕಳು ಮಾತ್ರ ಕಣ್ಣು ವಾಲಿದವರನ್ನು ಕಡಿಮೆ ಆರಿಸಿದರು. ಅದೇ ತಂಡ ಕೆಲಸಕ್ಕೆ ಜನರನ್ನು ಹುಡುಕಿಕೊಡುವ ಏಜೆಂಟರನ್ನು ಕೇಳಿದಾಗ, ಕಣ್ಣು ವಾಲಿದವರಿಗೆ ಕೆಲಸ ಸಿಗುವುದು ಕಷ್ಟ ಎಂದು ಅವರಲ್ಲಿ ಹೆಚ್ಚಿನವರು ಒಪ್ಪಿಕೊಂಡರು. ಇದು ನ್ಯಾಯವಲ್ಲ. ಕಣ್ಣಿನ ಸ್ನಾಯುವಿಗೂ ಬುದ್ಧಿಗೂ ನಂಬಿಕೆಗೂ ಯಾವ ಸಂಬಂಧವೂ ಇಲ್ಲ. ಆದರೆ ನಿಮಗೆ ಅನಿಸಿದ್ದು ನಿಜವಾಗಿಯೂ ನಡೆಯುತ್ತಿದೆ ಎನ್ನುವುದಕ್ಕೆ ಇಷ್ಟು ಸಾಕು.

ಬದುಕಿನ ಮೇಲೆ ಆಗುವ ಈ ಪರಿಣಾಮವನ್ನು ಅಳೆಯಲು ಒಂದು ಪ್ರಶ್ನಾವಳಿಯೂ ಇದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ತಂಡ ರೂಪಿಸಿ 2009ರಲ್ಲಿ ಪ್ರಕಟಿಸಿದ ಇದರ ಹೆಸರು ಎಎಸ್-20. ಇಪ್ಪತ್ತು ಪ್ರಶ್ನೆ. ಅರ್ಧ ಪ್ರಶ್ನೆಗಳು ಕಾಣುವ ಕೆಲಸದ ಬಗ್ಗೆ: ಓದಲು ಕಷ್ಟವಾ, ಕಣ್ಣು ಸೋಲುತ್ತದಾ, ಆಳ ಗೊತ್ತಾಗುತ್ತದಾ. ಇನ್ನರ್ಧ ಜನರ ಜೊತೆಗಿನ ಬದುಕಿನ ಬಗ್ಗೆ: ಹೊಸಬರನ್ನು ಮಾತಾಡಿಸಲು ಹಿಂಜರಿಕೆಯಾ, ಬೇರೆಯವರಿಗಿಂತ ಕಮ್ಮಿ ಎನಿಸುತ್ತದಾ. ಇದರ ವಿಶೇಷ ಏನೆಂದರೆ ಪ್ರಶ್ನೆಗಳನ್ನು ಡಾಕ್ಟರುಗಳು ಕೂತು ಊಹಿಸಿ ಬರೆದದ್ದಲ್ಲ. ರೋಗಿಗಳನ್ನು ಮಾತಾಡಿಸಿ, ಅವರು ಹೇಳಿಕೊಂಡ ಕಷ್ಟಗಳಿಂದಲೇ ಆರಿಸಿದ್ದು. ಕಣ್ಣು ನೇರ ಇರುವವರಿಗಿಂತ ವಾಲಿದವರ ಅಂಕ ಸ್ಪಷ್ಟವಾಗಿ ಕಡಿಮೆ ಬರುತ್ತದೆ. ಎರಡು ಕಾಣದ ನಿಮ್ಮಂಥವರು ಹೆಚ್ಚು ಕಳೆದುಕೊಳ್ಳುವುದು ಜನರ ಭಾಗದಲ್ಲಿ, ನಿಮ್ಮ ಅಪ್ಪನಂಥವರು ಕೆಲಸದ ಭಾಗದಲ್ಲಿ. ಆಪರೇಷನ್ ಆದ ಮೇಲೆ ಎರಡೂ ಗುಂಪಿನವರ ಅಂಕ ಏರುತ್ತದೆ.

ಇನ್ನೊಂದು ಮಾತು ಮುಖ್ಯ. ಕಣ್ಣು ಎಷ್ಟು ವಾಲಿದೆ ಎನ್ನುವುದಕ್ಕೂ ಮನಸ್ಸು ಎಷ್ಟು ನೊಂದಿದೆ ಎನ್ನುವುದಕ್ಕೂ ನೇರ ಸಂಬಂಧ ಇಲ್ಲ. ತುಂಬ ವಾಲಿದ ಕಣ್ಣಿಟ್ಟುಕೊಂಡು ಆರಾಮಾಗಿ ಇರುವವರಿದ್ದಾರೆ. ಸ್ವಲ್ಪವೇ ವಾಲಿದ್ದಕ್ಕೆ ಮನೆಯಿಂದ ಹೊರಗೆ ಬರಲು ಹಿಂಜರಿಯುವವರೂ ಇದ್ದಾರೆ. ಆದ್ದರಿಂದ ‘ನಿಂದು ಅಷ್ಟೊಂದು ಕಾಣಲ್ಲ ಬಿಡು’ ಎನ್ನುವ ಸಮಾಧಾನ ಕೆಲಸಕ್ಕೆ ಬರುವುದಿಲ್ಲ. ಅದನ್ನು ಡಾಕ್ಟರೂ ಹೇಳಬಾರದು, ಮನೆಯವರೂ ಹೇಳಬಾರದು.

‘ವಯಸ್ಸು ಮೀರಿದೆ’ ಎನ್ನುವುದು ಎಲ್ಲಿಂದ ಬಂತು? ಇದರಲ್ಲಿ ಎರಡು ವಿಷಯ ಕಲಸಿಹೋಗಿವೆ. ಲೇಜಿ ಐ, ಅಂದರೆ ಬಳಸದೆ ನೋಟ ಮಂಕಾದ ಕಣ್ಣು, ಚೆನ್ನಾಗಿರುವ ಇನ್ನೊಂದು ಕಣ್ಣಿಗೆ ಪಟ್ಟಿ ಕಟ್ಟಿ ಅದಕ್ಕೆ ನೋಟ ಬರಿಸುವ ಕೆಲಸ ಚಿಕ್ಕ ವಯಸ್ಸಿನಲ್ಲೇ ಚೆನ್ನಾಗಿ ಆಗುತ್ತದೆ. ಆಳ ಕಾಣುವ ಶಕ್ತಿ ಪೂರ್ತಿ ಬೆಳೆಯುವುದೂ ಎಳವೆಯಲ್ಲೇ. ಇದು ನಿಜ. ಆದರೆ ಕಣ್ಣನ್ನು ನೇರ ನಿಲ್ಲಿಸುವುದಕ್ಕೆ ವಯಸ್ಸಿನ ಮಿತಿ ಇಲ್ಲ. ಸ್ನಾಯು ಇಪ್ಪತ್ತರಲ್ಲೂ ಸ್ನಾಯುವೇ, ಎಪ್ಪತ್ತರಲ್ಲೂ ಸ್ನಾಯುವೇ. ನೇರವಾದ ಮೇಲೆ, ಎಷ್ಟೋ ವರ್ಷ ವಾಲಿದ್ದ ಕಣ್ಣಿನವರಲ್ಲೂ ಹಲವರಿಗೆ ಎರಡು ಕಣ್ಣನ್ನು ಸ್ವಲ್ಪ ಮಟ್ಟಿಗೆ ಒಟ್ಟಿಗೆ ಬಳಸಲು ಬರುತ್ತದೆ. ನಿಮಗೆ ಎರಡೂ ಕಣ್ಣಿನ ನೋಟ ಚೆನ್ನಾಗಿರುವುದು ಇದಕ್ಕೆ ಅನುಕೂಲ. ಕಣ್ಣು ಒಳಕ್ಕೆ ವಾಲಿದವರಿಗೆ ಇನ್ನೊಂದು ಲಾಭವೂ ಇದೆ. ನೇರವಾದಾಗ ಪಕ್ಕದ ನೋಟ ಅಗಲವಾಗುತ್ತದೆ, ಬದಿಯಿಂದ ಬರುವವರು ಬೇಗ ಕಾಣುತ್ತಾರೆ. ಹೊರಕ್ಕೆ ವಾಲಿದ ನಿಮಗೆ ಇದು ಅನ್ವಯಿಸುವುದಿಲ್ಲ. ಕೆಲವರಿಗೆ ಆ ಕಡೆಯ ನೋಟ ಸ್ವಲ್ಪ ಕಡಿಮೆಯಾಯಿತು ಎನಿಸುವುದೂ ಉಂಟು, ರೂಢಿಯಾಗುತ್ತದೆ.

‘ಬರೀ ಚಂದಕ್ಕೆ’ ಎಂಬುದನ್ನೂ ಬಿಡಿ. ಚಂದಕ್ಕೆ ಮಾಡುವುದು ಎಂದರೆ ಸಹಜವಾಗಿರುವುದನ್ನು ಇನ್ನಷ್ಟು ಚಂದ ಮಾಡುವುದು. ವಾಲಿದ ಕಣ್ಣನ್ನು ನೇರ ಮಾಡುವುದು ಕೆಟ್ಟದ್ದನ್ನು ಸಹಜ ಸ್ಥಿತಿಗೆ ತರುವುದು. ಅಮೆರಿಕದ ನೇತ್ರತಜ್ಞರ ಅಕಾಡೆಮಿಯ ನಿಲುವೂ ಇದೇ. ವಿಮೆಯವರು ತಕರಾರು ತೆಗೆದರೆ ಡಾಕ್ಟರ ಪತ್ರದಲ್ಲಿ ಈ ಮಾತು ಸ್ಪಷ್ಟವಾಗಿ ಬರೆಯಲು ಕೇಳಿ.

ಚಿಕಿತ್ಸೆಗೆ ಬರೋಣ. ಅಪ್ಪನದ್ದಕ್ಕೆ ಬಹುಶಃ ಮೊದಲು ಪ್ರಿಸಂ ಪ್ರಯತ್ನಿಸುತ್ತಾರೆ. ಇದು ಬೆಳಕನ್ನು ಬಾಗಿಸಿ ಎರಡು ಚಿತ್ರವನ್ನು ಒಂದರ ಮೇಲೊಂದು ಕೂರಿಸುವ ಗಾಜು. ಇದನ್ನು ಅಳೆಯುವುದು ಡಯಾಪ್ಟರ್ ಲೆಕ್ಕದಲ್ಲಿ: ಒಂದು ಡಯಾಪ್ಟರ್ ಪ್ರಿಸಂ ಒಂದು ಮೀಟರ್ ದೂರದಲ್ಲಿ ಚಿತ್ರವನ್ನು 1 ಸೆಂಟಿಮೀಟರ್ ಸರಿಸುತ್ತದೆ. ಮೊದಲು ಕನ್ನಡಕದ ಮೇಲೆ ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ ಕೊಟ್ಟು ನೋಡುತ್ತಾರೆ. ಸ್ವಲ್ಪ ಮಬ್ಬು ಎನಿಸುತ್ತದೆ, ಆದರೆ ಅಗತ್ಯ ಬದಲಾದಂತೆ ಬದಲಿಸಬಹುದು. ಅಳತೆ ಸ್ಥಿರವಾದ ಮೇಲೆ ಗಾಜಿನೊಳಗೇ ಸೇರಿಸಿ ಕೊಡುತ್ತಾರೆ. ಚಿಕ್ಕ ವಾಲಿಕೆಗೆ ಇದೊಂದೇ ಸಾಕಾಗಬಹುದು. ಮತ್ತೆ ಒಂಟಿ ರಸ್ತೆ, ಒಂಟಿ ಮೆಟ್ಟಿಲು ಕಂಡಾಗ ಅವರ ಮುಖ ನೋಡಿ!

ಬೊಟಾಕ್ಸ್ ಇಂಜೆಕ್ಷನ್ ಕೂಡ ಒಂದು ದಾರಿ. ಸುಕ್ಕು ತೆಗೆಯುವ ಔಷಧಿ ಎಂದು ಈಗ ಎಲ್ಲರಿಗೂ ಗೊತ್ತು, ಆದರೆ ಅದು ಔಷಧಿಯಾಗಿ ಹುಟ್ಟಿದ್ದೇ ಮೆಳ್ಳೆಗಣ್ಣಿಗಾಗಿ. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ಡಾಕ್ಟರ್ ಅಲನ್ ಸ್ಕಾಟ್ ಇದನ್ನು ಬೆಳೆಸಿದವರು. ಅಮೆರಿಕದಲ್ಲಿ 1989ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಜೋರಾಗಿ ಎಳೆಯುತ್ತಿರುವ ಸ್ನಾಯುವನ್ನು ಸುಮಾರು ಮೂರು ತಿಂಗಳು ಸಡಿಲ ಮಾಡುತ್ತದೆ. ಕೆಲವರಿಗೆ ಅಷ್ಟರಲ್ಲೇ ಸರಿಹೋಗುತ್ತದೆ, ಕೆಲವರಿಗೆ ಮತ್ತೆ ಮತ್ತೆ ಬೇಕು. ಇನ್ನು ಕಣ್ಣಿನ ವ್ಯಾಯಾಮದ ವಿಡಿಯೋಗಳನ್ನು ನೀವು ನೋಡಿಯೇ ಇರುತ್ತೀರಿ. ಓದುವಾಗ ಎರಡು ಕಣ್ಣನ್ನು ಒಳಕ್ಕೆ ಸೇರಿಸಲು ಆಗದವರಿಗೆ ವ್ಯಾಯಾಮದಿಂದ ಲಾಭ ಇದೆ. ಯಾವಾಗಲೂ ಹೊರಕ್ಕೇ ನಿಂತ ಕಣ್ಣು ವ್ಯಾಯಾಮದಿಂದ ನೇರವಾಗುವುದಿಲ್ಲ. ದುಡ್ಡು ಕಳೆದುಕೊಳ್ಳಬೇಡಿ.

ನಿಮ್ಮದಕ್ಕೆ ನನ್ನ ಅಂದಾಜಿನಲ್ಲಿ ಆಪರೇಷನ್ನೇ ಸರಿಯಾದ ದಾರಿ. ಇದರ ಬಗ್ಗೆ ಜನರಿಗೆ ಇರುವ ದೊಡ್ಡ ಭಯ ಎಂದರೆ ಕಣ್ಣುಗುಡ್ಡೆಯನ್ನು ಹೊರಗೆ ತೆಗೆದು ಮತ್ತೆ ಇಡುತ್ತಾರೆ ಎಂಬುದು. ಹಾಗೇನೂ ಇಲ್ಲ. ಕಣ್ಣು ತನ್ನ ಜಾಗದಲ್ಲೇ ಇರುತ್ತದೆ. ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯನ್ನು ಸ್ವಲ್ಪ ಕತ್ತರಿಸಿ ಸ್ನಾಯುವನ್ನು ಹಿಡಿಯುತ್ತಾರೆ. ಹೊರಕ್ಕೆ ಎಳೆಯುತ್ತಿರುವ ಸ್ನಾಯುವನ್ನು ಬಿಡಿಸಿ ಕೆಲವು ಮಿಲಿಮೀಟರ್ ಹಿಂದೆ ಹೊಲಿದರೆ ಅದರ ಬಿಗಿ ತಗ್ಗುತ್ತದೆ. ಒಳಗಿನದ್ದನ್ನು ಚಿಕ್ಕದು ಮಾಡಿ ಹೊಲಿದರೆ ಬಿಗಿ ಹೆಚ್ಚುತ್ತದೆ. ಹೊಲಿಗೆ ತಾನಾಗಿ ಕರಗುತ್ತದೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಒಂದೆರಡು ದಿನ ಕಣ್ಣು ಹೊರಳಿಸಿದರೆ ನೋವು, ಎರಡು ಮೂರು ವಾರ ಕೆಂಪು.

ದೊಡ್ಡವರಿಗೆ ಒಂದು ಸೌಲಭ್ಯ ಇದೆ, ಮಕ್ಕಳಿಗೆ ಮಾಡುವುದು ಕಷ್ಟ. ಹೊಲಿಗೆಯನ್ನು ಜಾರುಗಂಟು ಹಾಕಿ ಬಿಟ್ಟಿರುತ್ತಾರೆ. ನಿಮಗೆ ಪೂರ್ತಿ ಎಚ್ಚರವಾದ ಮೇಲೆ, ಅದೇ ದಿನ ಅಥವಾ ಮಾರನೇ ದಿನ, ಕುರ್ಚಿಯಲ್ಲಿ ಕೂರಿಸಿ ದೂರದ ಅಕ್ಷರ ನೋಡಲು ಹೇಳುತ್ತಾರೆ. ಮರಗಟ್ಟಿಸುವ ಹನಿ ಹಾಕುತ್ತಾರೆ. ಒಂದೊಂದು ಕಣ್ಣನ್ನೇ ಮುಚ್ಚಿ ತೆಗೆದು ಅಳತೆ ನೋಡಿ, ಬೇಕಿದ್ದರೆ ದಾರವನ್ನು ಎಳೆದು ಅಥವಾ ಸಡಿಲಿಸಿ ಗಂಟು ಗಟ್ಟಿ ಮಾಡುತ್ತಾರೆ. ಒತ್ತಿದಂತೆ, ಎಳೆದಂತೆ ಅನಿಸುತ್ತದೆ, ಚುಚ್ಚಿದಂತೆ ಅಲ್ಲ. ಎಲ್ಲ ಸರ್ಜನ್‌ಗಳೂ ಇದನ್ನು ಮಾಡುವುದಿಲ್ಲ, ಮಾಡದೆಯೂ ಒಳ್ಳೆಯ ಫಲ ಬರುತ್ತದೆ. ಆದರೆ ಕೇಳಿ ನೋಡಿ.

ಫಲ ಹೇಗಿರುತ್ತದೆ? ಹತ್ತರಲ್ಲಿ ಏಳೆಂಟು ಜನರಿಗೆ ಮೊದಲ ಆಪರೇಷನ್ನಿನಲ್ಲೇ ಕಣ್ಣು ಚೆನ್ನಾಗಿ ನೇರವಾಗುತ್ತದೆ. ಉಳಿದವರಿಗೆ ಇನ್ನೊಮ್ಮೆ ಬೇಕಾಗಬಹುದು. ಹೊರಕ್ಕೆ ವಾಲಿದ ಕಣ್ಣಿಗೆ ವರ್ಷಗಳ ಮೇಲೆ ಮತ್ತೆ ಸ್ವಲ್ಪ ಹೊರಕ್ಕೆ ಜಾರುವ ಗುಣ ಇದೆ, ಅದನ್ನು ಮೊದಲೇ ತಿಳಿದಿರಿ. ಕನ್ನಡಕದ ನಂಬರ್ ಇದರಿಂದ ಹೋಗುವುದಿಲ್ಲ. ಸೋಂಕು, ದೃಷ್ಟಿಗೆ ಪೆಟ್ಟು ಇವು ಅಪರೂಪ. ಎರಡೆರಡು ಕಾಣುವ ಭಯ ನಿಮಗಿರಬಹುದು. ಮೊದಲ ಕೆಲವು ದಿನ ಅಥವಾ ವಾರ ಹಾಗೆ ಕಾಣುವುದುಂಟು, ಮೆದುಳು ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತದೆ. ಖಾಯಂ ಆಗಿ ಉಳಿಯುವುದು ಕೆಲವೇ ಜನರಲ್ಲಿ. ಯಾರಿಗೆ ಆ ಸಾಧ್ಯತೆ ಇದೆ ಎಂದು ಮೊದಲೇ ಪ್ರಿಸಂ ಹಿಡಿದು, ನೇರವಾದರೆ ಹೇಗೆ ಕಾಣುತ್ತದೆ ಎಂದು ತೋರಿಸಿ ಪರೀಕ್ಷಿಸುತ್ತಾರೆ. ಈ ಪರೀಕ್ಷೆ ಮಾಡದೆ ದಿನ ಗೊತ್ತು ಮಾಡಿದರೆ ಅವಸರ ಮಾಡಬೇಡಿ.

ಕಣ್ಣು ನೇರವಾದ ಮಾತ್ರಕ್ಕೆ ಮೂವತ್ತು ವರ್ಷದ ರೂಢಿ ಒಂದೇ ದಿನದಲ್ಲಿ ಹೋಗುವುದಿಲ್ಲ. ನೇರವಾದ ಮೇಲೂ ಮೇಜನ್ನೇ ನೋಡುತ್ತಾ ಮಾತಾಡುವವರನ್ನು ನೋಡಿದ್ದೇನೆ. ‘ಈಗ ನನ್ನನ್ನು ನೋಡಿ ಮಾತಾಡಿ’ ಎಂದರೆ ತಲೆ ಎತ್ತುತ್ತಾರೆ, ಒಂದು ಗಳಿಗೆ ನಿಲ್ಲುತ್ತಾರೆ, ಮತ್ತೆ ಇಳಿಸುತ್ತಾರೆ. ಕೆಲವು ತಿಂಗಳು ಬೇಕು. ಮನಸ್ಸು ತುಂಬ ಕುಗ್ಗಿದ್ದರೆ, ನಿದ್ದೆ ಬರದಿದ್ದರೆ, ಜನರನ್ನು ಕಂಡರೆ ಎದೆ ಹೊಡೆದುಕೊಳ್ಳುತ್ತಿದ್ದರೆ ಆಪ್ತಸಮಾಲೋಚಕರನ್ನೂ ಕಾಣಿ. ಆಪರೇಷನ್‌ಗೆ ಮೊದಲೇ ಕಂಡರೆ ಇನ್ನೂ ಒಳ್ಳೆಯದು. ಬದುಕಿನ ಎಲ್ಲ ಬೇಸರವನ್ನೂ ಕಣ್ಣಿನ ಮೇಲೆ ಹಾಕಿದವರಿಗೆ ನೇರವಾದ ಕಣ್ಣೂ ತೃಪ್ತಿ ಕೊಡುವುದಿಲ್ಲ.

ಆಪರೇಷನ್ ಬೇಡ ಎಂದು ನೀವು ನಿರ್ಧರಿಸಿದರೆ ಅದೂ ಸರಿಯೇ. ಇದು ನಿಮ್ಮ ಕಣ್ಣು, ನಿರ್ಧಾರ ನಿಮ್ಮದು. ಆಗ ನಿಮ್ಮ ಸುತ್ತಲಿನವರಿಗೆ ಒಂದು ಸರಳ ವಿಷಯ ಹೇಳಿಬಿಡಿ: ‘ನಾನು ಬಲಗಣ್ಣಿನಲ್ಲಿ ನೋಡುತ್ತೇನೆ, ಅದನ್ನು ನೋಡಿ ಮಾತಾಡಿ.’ ಹೆಚ್ಚಿನ ಜನ ಮುಖ ತಪ್ಪಿಸುವುದು ಕೆಟ್ಟ ಮನಸ್ಸಿನಿಂದ ಅಲ್ಲ. ಯಾವ ಕಣ್ಣನ್ನು ನೋಡಬೇಕು ಎಂದು ಗೊತ್ತಾಗದೆ, ಕೇಳಲೂ ಆಗದೆ ಒದ್ದಾಡುತ್ತಿರುತ್ತಾರೆ. ಒಮ್ಮೆ ಹೇಳಿದರೆ ಅವರಿಗೂ ಹಗುರ, ನಿಮಗೂ ಹಗುರ. ಆಪರೇಷನ್ ಆಗುವವರೆಗೂ ಇದು ಕೆಲಸಕ್ಕೆ ಬರುತ್ತದೆ. ಕ್ಲಾಸಿನ ಮಕ್ಕಳಿಗೂ ಹೇಳಬಹುದು. ದೊಡ್ಡವರಿಗಿಂತ ಬೇಗ ಒಪ್ಪಿಕೊಳ್ಳುತ್ತಾರೆ.

ಡಾಕ್ಟರನ್ನು ಕಾಣಲು ಹೋಗುವಾಗ ಮೆಳ್ಳೆಗಣ್ಣಿನಲ್ಲಿ ಪ್ರತ್ಯೇಕ ತರಬೇತಿ ಪಡೆದವರನ್ನೇ ಹುಡುಕಿ. ಇವರು ಹೆಚ್ಚಾಗಿ ಮಕ್ಕಳ ಕಣ್ಣಿನ ವಿಭಾಗದಲ್ಲಿ ಕೂರುತ್ತಾರೆ. ‘ಇದು ಮಕ್ಕಳ ವಿಭಾಗ ಅಲ್ವಾ’ ಎಂದು ವಾಪಸ್ ಬರಬೇಡಿ, ದೊಡ್ಡವರ ಮೆಳ್ಳೆಗಣ್ಣನ್ನೂ ಅವರೇ ನೋಡುತ್ತಾರೆ. ಚಿಕ್ಕಂದಿನಿಂದ ಈಗಿನವರೆಗಿನ ಕೆಲವು ಫೋಟೋ ಒಯ್ಯಿರಿ, ಮುಖ ನೇರ ಕಾಣುವಂಥವು. ಕಣ್ಣು ಯಾವಾಗಿನಿಂದ ವಾಲಿದೆ, ಹೆಚ್ಚುತ್ತಿದೆಯಾ ಎಂದು ಅದರಲ್ಲೇ ಗೊತ್ತಾಗುತ್ತದೆ. ಹಳೆಯ ಕನ್ನಡಕದ ಚೀಟಿ ಇದ್ದರೆ ಅದೂ ಇರಲಿ. ಬಿಸಿಲಿಗೆ ಹೋದಾಗ ಒಂದು ಕಣ್ಣು ಮುಚ್ಚಿಕೊಳ್ಳುತ್ತೀರಾ, ಸುಸ್ತಾದಾಗ ಜಾಸ್ತಿ ವಾಲುತ್ತದಾ, ಓದುವಾಗ ತಲೆ ನೋಯುತ್ತದಾ ಎಂದು ಗಮನಿಸಿ ಬರೆದಿಟ್ಟುಕೊಳ್ಳಿ. ಮತ್ತೆ ಕ್ಲಾಸಿನ ವಿಷಯ, ಕ್ಯಾಮೆರಾದ ವಿಷಯ ಹೇಳಲು ಮರೆಯಬೇಡಿ, ನನಗೆ ಬರೆದ ಹಾಗೆಯೇ ಹೇಳಿ. ಅಪ್ಪನ ಶುಗರ್, ಬಿಪಿ, ಥೈರಾಯ್ಡ್ ರಿಪೋರ್ಟುಗಳನ್ನೂ ಮಾತ್ರೆಗಳ ಪಟ್ಟಿಯನ್ನೂ ಇಟ್ಟುಕೊಂಡು ಮೊದಲು ಅವರನ್ನು ತೋರಿಸಿ. ನಿಮ್ಮದನ್ನು ಅದೇ ದಿನ ತೋರಿಸಿದರೂ ಆಗುತ್ತದೆ.